ಬ್ರಾಕೆಟ್‌ಗಳು ಪದೇ ಪದೇ ಕಳಚುತ್ತಿವೆ, ಕಂತೂ ಬರುತ್ತಿಲ್ಲ: ಸ್ಕ್ಯಾನರ್ ಕೊಂಡು ಅಲೈನರ್‌ಗೆ ಬದಲಾಗಲೇ?

ನಮಸ್ಕಾರ ಡಾಕ್ಟರೇ. ದಂತವೈದ್ಯದ ಸ್ನಾತಕೋತ್ತರ ಪದವಿ ಎಂಡಿಎಸ್ ಮುಗಿಸಿ ವಿಜಯಪುರದಲ್ಲಿ ಕ್ಲಿನಿಕ್ ತೆರೆದು ಒಂದೂವರೆ ವರ್ಷವಾಯಿತು, ಹಲ್ಲಿಗೆ ಕ್ಲಿಪ್ ಹಾಕಿಸಿಕೊಳ್ಳುವವರಿಗೆ ಕೊರತೆಯಿಲ್ಲ, ಆದರೆ ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡು) ಕಳಚಿಕೊಂಡು ಬರುವವರೇ ದಿನವೆಲ್ಲ ತಿಂದುಬಿಡುತ್ತಾರೆ, ಹೇಳಿದ ದಿನ ಯಾರೂ ಬರುವುದಿಲ್ಲ, ಕಂತು ಕಟ್ಟುವುದಿಲ್ಲ ಎಂದು ಬರೆದಿದ್ದೀರಿ. ಸಾಲ ಮಾಡಿ ಬಾಯಿಯ ಅಳತೆಯನ್ನು ಕಂಪ್ಯೂಟರಿಗೆ ಇಳಿಸುವ ಸ್ಕ್ಯಾನರ್ ತಂದು, ಕ್ಲಿಪ್ ಬದಲು ಹಾಕಿ ತೆಗೆಯಬಹುದಾದ ಪಾರದರ್ಶಕ ಅಲೈನರ್ ಕಡೆ ಹೊರಳಿದರೆ ಈ ತಾಪತ್ರಯ ತಪ್ಪೀತೇ ಎಂಬುದು ನಿಮ್ಮ ಪ್ರಶ್ನೆ. ನಾನು ಬಾಗಲಕೋಟೆಯ ನವನಗರದಲ್ಲಿ 14 ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನೀವು ಈಗ ನಿಂತಿರುವ ಜಾಗದಲ್ಲಿ ನಾನೂ ನಿಂತಿದ್ದೆ.

ಸ್ಕ್ಯಾನರ್ ವಿಷಯ ಮೊದಲೇ ಮುಗಿಸುತ್ತೇನೆ: ಸದ್ಯಕ್ಕೆ ಕೊಳ್ಳಬೇಡಿ. ಅಲೈನರ್ ಹಿಡಿದರೂ ಅಂಟಿಸುವ ಕೆಲಸ ತಪ್ಪುವುದಿಲ್ಲ ಎಂಬುದನ್ನು ಮಾರಲು ಬಂದವರು ಬಿಡಿಸಿ ಹೇಳುವುದಿಲ್ಲ. ಕೋರೆಹಲ್ಲನ್ನು ತಿರುಗಿಸಬೇಕಾದರೆ, ಒಂದು ಹಲ್ಲನ್ನು ಕೆಳಗೆಳೆಯಬೇಕಾದರೆ ಅದರ ಮೇಲೆ ಕಾಂಪೋಸಿಟ್ ಅಟ್ಯಾಚ್‌ಮೆಂಟ್ (ಅಲೈನರ್‌ಗೆ ಹಿಡಿತ ಕೊಡುವ, ಹಲ್ಲಿನ ಬಣ್ಣದ ಪುಟ್ಟ ಉಬ್ಬು) ಅಂಟಿಸಲೇಬೇಕು. ಬ್ರಾಕೆಟ್ ನಿಲ್ಲದ ಹಲ್ಲಿನ ಮೇಲೆ ಅದೂ ನಿಲ್ಲುವುದಿಲ್ಲ. ಬ್ರಾಕೆಟ್ ಬಿದ್ದರೆ ತಂತಿಗೆ ಜೋತುಬಿದ್ದು, ತುಟಿಗೆ ಚುಚ್ಚಿ, ರೋಗಿಯನ್ನು ನಿಮ್ಮ ಬಾಗಿಲಿಗೆ ಅಟ್ಟುತ್ತದೆ. ಅಟ್ಯಾಚ್‌ಮೆಂಟ್ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕು ಟ್ರೇ (ಸರದಿಯಂತೆ ಬದಲಿಸುವ ಅಲೈನರ್) ದಾಟಿದ ಮೇಲೆ ಅಲೈನರ್ ಕೂರುತ್ತಿಲ್ಲ ಎಂದು ಬರುತ್ತಾರೆ. ಅದನ್ನು ದಿನಕ್ಕೆ 20ರಿಂದ 22 ತಾಸು ಹಾಕಿಕೊಂಡಿರಬೇಕು ಬೇರೆ. ಮದುವೆಯ ಪಂಕ್ತಿಯಲ್ಲಿ ತೆಗೆದು ಕರವಸ್ತ್ರದಲ್ಲಿ ಸುತ್ತಿಟ್ಟ ಅಲೈನರ್ ಮತ್ತೆ ಬಾಯಿಗೆ ಬರುತ್ತದೆಂಬ ಭರವಸೆ ನನಗಂತೂ ಇಲ್ಲ.

ಹಾಗಾದರೆ ಬ್ರಾಕೆಟ್ ಏಕೆ ಬೀಳುತ್ತಿದೆ? ನಾನು ಓದಿದ್ದು ಕರಾವಳಿಯಲ್ಲಿ. ಅಲ್ಲಿ ಅಂಟು ಹಿಡಿಯಲೆಂದು ಹಲ್ಲಿನ ಮೈಯನ್ನು ಒರಟಾಗಿಸುವ ಶೇಕಡಾ 37ರ ಫಾಸ್ಫಾರಿಕ್ ಆಮ್ಲ ಹಚ್ಚಿ, 30 ಸೆಕೆಂಡ್ ಬಿಟ್ಟು, ತೊಳೆದು ಗಾಳಿ ಊದಿದರೆ ಎನಾಮೆಲ್ (ಹಲ್ಲಿನ ಹೊರಕವಚ) ಸುಣ್ಣ ಹೊಡೆದ ಗೋಡೆಯಂತೆ ಬೆಳ್ಳಗಾಗುತ್ತಿತ್ತು, ಅಂಟಿಸಿದ್ದು ನಿಲ್ಲುತ್ತಿತ್ತು. ಇಲ್ಲಿಗೆ ಬಂದು ಅದನ್ನೇ ಮಾಡಿದೆ. ಹುನಗುಂದ, ಇಳಕಲ್ ಕಡೆಯ ಕೆಲವು ಹಳ್ಳಿಗಳಿಂದ ಬಂದ ಮಕ್ಕಳ ಬಾಯಲ್ಲಿ ಮೊದಲ ತಿಂಗಳೇ ಉದುರತೊಡಗಿದವು. ನನ್ನ ಕೈಯನ್ನೇ ಅನುಮಾನಿಸಿದೆ, ಅಂಟಿನ ಕಂಪನಿ ಬದಲಿಸಿದೆ, ಸಹಾಯಕಿಯನ್ನು ಸುಮ್ಮನೆ ಗದರಿಸಿದೆ. ತಪ್ಪು ಕೊಳವೆ ಬಾವಿಯ ನೀರಿನಲ್ಲಿತ್ತು.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಿದ್ದ ನೀರು ಕುಡಿದು ಬೆಳೆದ ಮಗುವಿನ ಎನಾಮೆಲ್ ವಿಚಿತ್ರ: ಹೊರಪದರ ಆಮ್ಲಕ್ಕೆ ಜಗ್ಗುವುದಿಲ್ಲ, ಅದರ ಕೆಳಗೆ ಮಾತ್ರ ಸಡಿಲ, ರಂಧ್ರಮಯ. 30 ಸೆಕೆಂಡಿನ ಆಮ್ಲ ಮೇಲೆ ಮೇಲೆ ಸವರಿ ಹೋಗುತ್ತದೆ. ಹಲ್ಲು ಮೊದಲೇ ಬಿಳುಚಿಕೊಂಡಿರುವುದರಿಂದ ಆಮ್ಲ ಕೆಲಸ ಮಾಡಿತೋ ಇಲ್ಲವೋ ಎಂದು ಬಣ್ಣ ನೋಡಿ ತಿಳಿಯಲೂ ಆಗದು. ನಿಮಗೂ ಮುದ್ದೇಬಿಹಾಳದ ಕಡೆಯಿಂದ ಇಂಥ ಬಾಯಿಗಳು ಬರುತ್ತಿರಬೇಕು. ‘ಯಾವ ಊರು’ ಎಂದು ಕೇಳಿದರೆ ಸಾಲದು. ಎಂಟು ವರ್ಷ ತುಂಬುವವರೆಗೆ ಮಗು ಎಲ್ಲಿ ಬೆಳೆಯಿತು, ಯಾವ ನೀರು ಕುಡಿಯಿತು ಎಂದು ಕೇಳಿ; ಮುಂದಿನ ಹಲ್ಲುಗಳ ಎನಾಮೆಲ್ ಅಷ್ಟರೊಳಗೆ ತಯಾರಾಗಿರುತ್ತದೆ. ನವನಗರದ ಒಬ್ಬ ಹುಡುಗಿಯ ಹಲ್ಲು ಕಂದಿದ್ದು ನನಗೆ ಬಹಳ ದಿನ ಒಗಟಾಗಿತ್ತು. ಶಾಲೆಗೆ ಸೇರುವ ತನಕ ಅವಳು ಇದ್ದದ್ದು ತಾಯಿಯ ತವರಿನಲ್ಲಂತೆ.

ಈಗ ನಾನು ಮಾಡುವುದು ಹೀಗೆ. ಎಣ್ಣೆಯೂ ಫ್ಲೋರೈಡೂ ಇಲ್ಲದ ಪ್ಯೂಮಿಸ್ ಕಲ್ಲಿನ ಪುಡಿಯಿಂದ ಉಜ್ಜಿ ತೊಳೆಯುತ್ತೇನೆ. ಬ್ರಾಕೆಟ್ ಕೂರುವಷ್ಟೇ ಜಾಗಕ್ಕೆ 50 ಮೈಕ್ರಾನ್ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಸಿಡಿಸುತ್ತೇನೆ. ಆ ಉಪಕರಣ ಇಲ್ಲದಿದ್ದಾಗ ನಯವಾದ ಬರ್‌ನಿಂದ (ಹಲ್ಲು ಕೊರೆಯುವ ಯಂತ್ರದ ಮೊನೆ) ಮೇಲ್ಪದರವನ್ನು ಹಗುರವಾಗಿ ಸವರುತ್ತಿದ್ದೆ. ಆಮ್ಲಕ್ಕೆ ಒಂದು ನಿಮಿಷ, ಹಲ್ಲು ಚೆನ್ನಾಗಿ ಕಂದಾಗಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಹಳ್ಳ ಬಿದ್ದ ದವಡೆ ಹಲ್ಲಿಗೆ ತಂತಿಯ ತುದಿ ಹಿಡಿಯುವ ಟ್ಯೂಬ್ ಅಂಟಿಸುವ ಸಾಹಸ ಬಿಟ್ಟು, ಗ್ಲಾಸ್ ಅಯೊನೋಮರ್ ಎಂಬ ಸಿಮೆಂಟಿನಲ್ಲಿ ಬ್ಯಾಂಡ್ (ಹಲ್ಲನ್ನು ಸುತ್ತುವರಿಯುವ ಲೋಹದ ಪಟ್ಟಿ) ಕೂರಿಸುತ್ತೇನೆ. ಬ್ಯಾಂಡ್‌ಗೆಂದು ಹಲ್ಲುಗಳ ನಡುವೆ ಜಾಗ ಮಾಡುವ ಸೆಪರೇಟರ್ ಹಾಕಲು ಒಂದು ಭೇಟಿ ಹೆಚ್ಚಾಗುತ್ತದೆ ಎಂದು ಹಿಂಜರಿಯಬೇಡಿ. ಅಳತೆ, ಎಕ್ಸ್‌ರೇ ತೆಗೆಯಲು ಬಂದವರಿಗೆ ಕ್ಲಿಪ್ ಹಾಕುವ ದಿನ ಅದೇ ವಾರದಲ್ಲಿದ್ದರೆ ಅವತ್ತೇ ಸೆಪರೇಟರ್ ಹಾಕಿ ಕಳಿಸಬಹುದು. ಸೆರಾಮಿಕ್ ಬ್ರಾಕೆಟ್ ಇಂಥ ಹಲ್ಲಿಗೆ ಹಾಕುವುದಿಲ್ಲ. ಎಷ್ಟೇ ಬೇಡಿದರೂ ಇಲ್ಲ. ತೆಗೆಯುವಾಗ ಎನಾಮೆಲ್ ಚೂರು ಜೊತೆಗೇ ಎದ್ದು ಬಂದರೆ ಏನು ಉತ್ತರ ಕೊಡುವುದು?

ಫೋಟೋ ಮಾತ್ರ ಮರೆಯಬೇಡಿ. ನನ್ನ ಎರಡನೆಯ ವರ್ಷ ಒಬ್ಬಳ ಕ್ಲಿಪ್ ತೆಗೆದ ದಿನ ಅವಳ ತಂದೆ ಕನ್ನಡಿ ಕೈಗೆತ್ತಿಕೊಂಡು ‘ಹಲ್ಲು ಸಾಲಾಗಿ ಬಂತು ಡಾಕ್ಟರೇ, ಆದರೆ ನಿಮ್ಮ ಕ್ಲಿಪ್‌ನಿಂದ ಕಲೆ ಬಿತ್ತಲ್ಲ’ ಎಂದರು. ಕಲೆ ಮೊದಲೂ ಇತ್ತು. ಹಲ್ಲು ಸೊಟ್ಟಗಿದ್ದಾಗ ಯಾರ ಕಣ್ಣೂ ಕಲೆಯ ಮೇಲೆ ಬಿದ್ದಿರಲಿಲ್ಲ, ನನ್ನ ಬಳಿ ತೋರಿಸಲು ಒಂದು ಚಿತ್ರವೂ ಇರಲಿಲ್ಲ. ಉಳಿದ ಕಂತು ಬಿಟ್ಟುಕೊಟ್ಟೆ.

ನೀರಿನ ಮೇಲೆ ಎಲ್ಲ ಹೊರೆ ಹಾಕಿ ಪಾರಾಗಲೂ ಬರುವುದಿಲ್ಲ. ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನಿಂತ ನೀರನ್ನು ದಿನಾ ಬೆಳಿಗ್ಗೆ ಹೊರಬಿಡುತ್ತೀರಾ? ಸಿರಿಂಜಿನ ಗಾಳಿಯನ್ನು ಬಾಯಿಕನ್ನಡಿಯ ಮೇಲೆ ಊದಿ ನೋಡಿ. ತೇವದ ಹನಿ, ಎಣ್ಣೆಯ ಚುಕ್ಕೆ ಕಂಡರೆ ಒಣಗಿಸುತ್ತಿದ್ದೇನೆ ಎಂದುಕೊಂಡು ನೀವು ಹಲ್ಲನ್ನು ಹೊಲಸು ಮಾಡುತ್ತಿದ್ದೀರಿ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಅಂಟು ಹೊರಗಿದ್ದರೆ ಕೆಡುತ್ತದೆ, ಫ್ರಿಜ್‌ನಿಂದ ನೇರ ತೆಗೆದರೆ ಬಿರುಸಾಗಿ ಬ್ರಾಕೆಟ್ ತಳದ ಜಾಲರಿಯೊಳಗೆ ಇಳಿಯುವುದಿಲ್ಲ. ಅರ್ಧ ತಾಸು ಮೊದಲೇ ತೆಗೆದಿಡಿ. ಕೆಳಗಿನ ಮುಂಭಾಗದ ಬ್ರಾಕೆಟ್‌ಗಳಷ್ಟೇ ಬೀಳುತ್ತಿದ್ದರೆ ಮೇಲಿನ ಹಲ್ಲು ಬಂದು ಹೊಡೆಯುತ್ತಿದೆ ಎಂದರ್ಥ: ದವಡೆ ಹಲ್ಲುಗಳ ಮೇಲೆ ಬಣ್ಣದ ಗ್ಲಾಸ್ ಅಯೊನೋಮರ್ ಇಟ್ಟು ಬಾಯಿ ಸ್ವಲ್ಪ ತೆರೆದಿರುವಂತೆ ಮಾಡಿ. ಅಗಿಯಲು ಆಗುತ್ತಿಲ್ಲ ಎಂದು ನಾಲ್ಕು ದಿನ ಬೈಯುತ್ತಾರೆ, ಆಮೇಲೆ ಒಗ್ಗಿಕೊಳ್ಳುತ್ತಾರೆ. ಮೊದಲ ತಂತಿ 0.014 ಇಂಚಿನ ನಿಕ್ಕಲ್ ಟೈಟಾನಿಯಂ ಸಾಕು. ಪೂರ್ತಿ ತಿರುಗಿ ನಿಂತ ಹಲ್ಲನ್ನು ಅದೇ ದಿನ ಬಿಗಿದು ಕಟ್ಟಬೇಡಿ.

ಇನ್ನು ಊಟ. ನಾನು ಬಂದ ಹೊಸದರಲ್ಲಿ ಅಚ್ಚು ಹಾಕಿಸಿದ ಸೂಚನೆಯ ಹಾಳೆಯಲ್ಲಿ ಪಿಜ್ಜಾ, ಪಾಪ್‌ಕಾರ್ನ್, ಚ್ಯೂಯಿಂಗ್ ಗಮ್ ನಿಷೇಧವಿತ್ತು. ಕಡಕ್ ರೊಟ್ಟಿಯ ಮಾತೇ ಇರಲಿಲ್ಲ! ಅದನ್ನು ಕಂಡ ಒಬ್ಬ ಅಜ್ಜಿ ‘ಇವನ್ನೆಲ್ಲ ನಾವು ತಿನ್ನುವುದಿಲ್ಲಪ್ಪ’ ಎಂದು ನಿಶ್ಚಿಂತೆಯಿಂದ ಮೊಮ್ಮಗನನ್ನು ಕರೆದುಕೊಂಡು ಹೋದರು, ಮೂರನೆಯ ದಿನ ಎರಡು ಬ್ರಾಕೆಟ್ ಕಾಗದದಲ್ಲಿ ಕಟ್ಟಿಕೊಂಡು ಬಂದರು. ರೊಟ್ಟಿ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಬಿಡುವುದಿಲ್ಲ. ಬಿಸಿ ರೊಟ್ಟಿ ತಿನ್ನಿ, ಕಡಕ್ ರೊಟ್ಟಿಯಾದರೆ ಮುರಿದು ಸಾರಿನಲ್ಲೋ ಹಾಲಿನಲ್ಲೋ ನೆನೆಸಿ ಎನ್ನುತ್ತೇನೆ. ಶೇಂಗಾ ಬೇಡ, ಶೇಂಗಾ ಚಟ್ನಿ ಆಗಬಹುದು. ಕಬ್ಬನ್ನು ಹಲ್ಲಿನಿಂದ ಸಿಗಿಯುವುದು ಖಂಡಿತ ಬೇಡ. ಅಮೀನಗಡದ ಕರದಂಟು ಎಲ್ಲಕ್ಕಿಂತ ದೊಡ್ಡ ಶತ್ರು. ಅದರಲ್ಲಿರುವ ಅಂಟು ನನ್ನ ಅಂಟಿಗಿಂತ ಗಟ್ಟಿ. ನನಗೆ ಬಲು ಇಷ್ಟವಾದ ತಿಂಡಿ, ಆ ಮಾತು ಬೇರೆ.

ಇಷ್ಟೆಲ್ಲದರ ನಡುವೆ ನಿಮ್ಮಲ್ಲಿ ಯಾವುದು ಕಾರಣ ಎಂದು ತಿಳಿಯಲು ಒಂದು ನೋಟ್‌ಬುಕ್ ಇಡಿ. ಬಿದ್ದ ಬ್ರಾಕೆಟ್ ಯಾವ ಹಲ್ಲಿನದು, ಅಂಟಿಸಿ ಎಷ್ಟು ದಿನವಾಗಿತ್ತು, ಯಾವ ಊರು, ಏನು ತಿನ್ನುವಾಗ ಬಿತ್ತು, ಅಂಟು ಎಲ್ಲಿ ಉಳಿದಿದೆ. ಕೊನೆಯದು ಮುಖ್ಯ. ಅಂಟೆಲ್ಲ ಬ್ರಾಕೆಟ್ಟಿನ ತಳದಲ್ಲೇ ಬಂದು ಹಲ್ಲು ಸ್ವಚ್ಛವಾಗಿದ್ದರೆ ಆಮ್ಲ, ಎಂಜಲು, ತೇವ ಇವುಗಳ ಕಡೆ ನೋಡಿ. ಅಂಟು ಹಲ್ಲಿನ ಮೇಲೆಯೇ ಉಳಿದಿದ್ದರೆ ತಳಕ್ಕೆ ಕೈ ಮುಟ್ಟಿಸಿದ್ದೀರಿ, ಅಂಟು ಗಟ್ಟಿಯಾಗಲು ಲೈಟ್ ಹಿಡಿಯುವಾಗ ಬ್ರಾಕೆಟ್ ಅಲುಗಿದೆ, ಇಲ್ಲವೇ ಹೊಡೆತ ಬಿದ್ದಿದೆ. ನನ್ನ ಲೆಕ್ಕದಲ್ಲಿ ಮೂರು ದಿನದೊಳಗೆ ಬಿದ್ದದ್ದು ವೈದ್ಯರ ತಪ್ಪು, ಮೂರು ತಿಂಗಳ ಮೇಲೆ ಬಿದ್ದದ್ದು ರೊಟ್ಟಿಯ ತಪ್ಪು. ಬಿದ್ದ ಬ್ರಾಕೆಟ್ಟಿಗೆ ದಂಡ ಹಾಕುವ ಪದ್ಧತಿ ಕೆಲವು ಕಡೆ ಇದೆ. ನಾನೂ ಒಂದು ವರ್ಷ ಹಾಕಿ ನೋಡಿದೆ. ದಂಡದ ಭಯಕ್ಕೆ ಜನ ಬರುವುದನ್ನೇ ನಿಲ್ಲಿಸಿದರು, ಬಿಟ್ಟ ಹಲ್ಲು ತನ್ನ ಪಾಡಿಗೆ ತಾನು ಹಿಂದಕ್ಕೆ ಹೊರಳಿತು.

ಸಮಯದ ವಿಷಯಕ್ಕೆ ಬಂದರೆ, ತಂತಿ ಬದಲಿಸಲು ಹದಿನೈದು ನಿಮಿಷವಾದರೆ ಒಂದು ಬ್ರಾಕೆಟ್ ಹಳೆಯ ಅಂಟು ಕೆರೆದು ಮತ್ತೆ ಕೂರಿಸಲು ಇಪ್ಪತ್ತಾದರೂ ಬೇಕು. ಅಂಥವು ದಿನಕ್ಕೆ ನಾಲ್ಕು ಬಂದರೆ ಒಂದು ತಾಸಿಗೂ ಮೇಲೆ ಪುಕ್ಕಟೆ ಹೋಯಿತು, ಹೊರಗೆ ಕುಳಿತವರು ಬಸ್ ತಪ್ಪಿಸಿಕೊಂಡರು. ಇಳಕಲ್‌ನಿಂದ ಬಂದವರು ಬಸ್ ತಪ್ಪಿಸಿಕೊಂಡರೆ ಮುಂದಿನ ಸಲ ಬರುವುದೇ ಅನುಮಾನ. ಅದಕ್ಕೆ ದಿನಕ್ಕೆ ಎರಡು ಜಾಗ ಖಾಲಿ ಬಿಡುತ್ತೇನೆ, ಹಳ್ಳಿಯವರಿಗೆ ಬೆಳಗಿನ ಹೊತ್ತು, ಊರಿನ ಶಾಲಾ ಮಕ್ಕಳಿಗೆ ಸಂಜೆ. ನಿಕ್ಕಲ್ ಟೈಟಾನಿಯಂ ತಂತಿ ಇರುವಷ್ಟು ಕಾಲ ದೂರದವರನ್ನು ಆರು ವಾರಕ್ಕೊಮ್ಮೆ ಕರೆದರೆ ಏನೂ ಕೆಡುವುದಿಲ್ಲ. ತಿಂಗಳಿಗೊಮ್ಮೆ ಎಂಬುದು ಕಂತಿನ ಲೆಕ್ಕ, ಹಲ್ಲಿನ ಲೆಕ್ಕವಲ್ಲ. ದಿನಾಂಕ ಕೊಡುವಾಗ ಪಂಚಾಂಗ ಪಕ್ಕದಲ್ಲಿರಲಿ. ಅಮಾವಾಸ್ಯೆಯಂದು ಯಾರೂ ಹೊಸದಾಗಿ ಕ್ಲಿಪ್ ಹಾಕಿಸಿಕೊಳ್ಳುವುದಿಲ್ಲ, ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಊರೇ ಹೊಲದಲ್ಲಿರುತ್ತದೆ, ನಿಮ್ಮಲ್ಲಿ ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ.

ಕಂತು ಬರದಿರಲು ಜನರ ಕೆಟ್ಟ ಬುದ್ಧಿಯೇ ಕಾರಣವೆಂದು ತಿಳಿಯಬೇಡಿ. ಸಂಬಳದವರಿಗೆ ಹೊಂದುವ ತಿಂಗಳ ಕಂತನ್ನು ನೀವು ಕಬ್ಬಿನವರ ಮೇಲೂ ಹೇರಿದ್ದೀರಿ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ; ಬಿಲ್ ಯಾವಾಗ ಬರುತ್ತದೆ ಎಂಬುದನ್ನು ಮುಧೋಳ, ಜಮಖಂಡಿಯ ಯಾವ ರೈತರನ್ನಾದರೂ ಕೇಳಿ. ಕಬ್ಬಿನವರು ವರ್ಷಕ್ಕೆ ಎರಡು ಸಲ ಕೊಡಲಿ, ತಿಕೋಟಾದ ದ್ರಾಕ್ಷಿಯವರು ಬೆಳೆ ಬಂದಾಗ ಕೊಡಲಿ. ಎಲ್ಲರಿಗೂ ಒಂದೇ ಮಾತು ಹೇಳಿ: ಕೈಯಲ್ಲಿ ದುಡ್ಡಿಲ್ಲದಿದ್ದರೂ ತಾರೀಖಿಗೆ ಬನ್ನಿ. ದುಡ್ಡಿಗೂ ಭೇಟಿಗೂ ಗಂಟು ಹಾಕಿದರೆ ದುಡ್ಡಿಲ್ಲದ ತಿಂಗಳು ಬಾಯಲ್ಲಿ ತಂತಿ ಅನಾಥವಾಗಿರುತ್ತದೆ. ಕ್ಲಿಪ್ ತೆಗೆದ ಮೇಲೆ ಹಲ್ಲು ಮತ್ತೆ ಹೊರಳದಂತೆ ಹಿಡಿದಿಡುವ ರಿಟೇನರ್‌ನ ಹಣವನ್ನು ಮಾತ್ರ ಮೊದಲೇ ಸೇರಿಸಿಕೊಳ್ಳಿ. ಕ್ಲಿಪ್ ತೆಗೆದ ದಿನ ಹೊಸದಾಗಿ ಹಣ ಕೇಳಿದರೆ ‘ಹಲ್ಲು ಸರಿಯಾಯಿತಲ್ಲ, ಇನ್ನೇಕೆ’ ಎನ್ನುತ್ತಾರೆ.

ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳಿಗೆ ಬ್ರಾಕೆಟ್ ಹಾಕುವ ಮೊದಲು ಪಿಯುಸಿ ಎಲ್ಲಿ ಎಂದು ಕೇಳಿ. ಧಾರವಾಡ, ಮಂಗಳೂರು ಎಂದರೆ ಮಧ್ಯದಲ್ಲಿ ಕೈ ಬದಲಾಗುತ್ತದೆ. ಬ್ರಾಕೆಟ್ಟಿನಲ್ಲಿ ತಂತಿ ಕೂರುವ ಸ್ಲಾಟ್ 0.022 ಇಂಚೋ 0.018 ಇಂಚೋ, ಯಾವ ಪ್ರಿಸ್ಕ್ರಿಪ್ಷನ್ (ಬ್ರಾಕೆಟ್ಟಿನಲ್ಲೇ ಅಳವಡಿಸಿದ ಕೋನಗಳ ಲೆಕ್ಕ), ಯಾವ ಹಲ್ಲು ಕೀಳಿಸಿದ್ದು, ಎಷ್ಟು ಹಣ ಸಂದಿದೆ ಎಂದು ಒಂದು ಪುಟ ಬರೆದುಕೊಡಿ. ನನಗೆ ಬೇರೆ ಕಡೆಯಿಂದ ಬಂದ ಮಕ್ಕಳಲ್ಲಿ ಅಂಥ ಪುಟ ತಂದವರು ಬೆರಳೆಣಿಕೆಯಷ್ಟು.

ಈ ವಾರ ಬೀಳುವ ಬ್ರಾಕೆಟ್‌ಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿಟ್ಟು, ತಳವನ್ನು ಭೂತಗನ್ನಡಿಯಲ್ಲಿ ನೋಡಿ, ಅಂಟು ಎಲ್ಲಿತ್ತು ಎಂದು ಇಲ್ಲೇ ಕೆಳಗೆ ಬರೆಯಿರಿ. ಮುಂದಿನದು ಅದನ್ನು ನೋಡಿ ಹೇಳುತ್ತೇನೆ.