ಹಾರ್ಮೋನಿಯಂ ಬರುವವರು ಕೀಬೋರ್ಡಿನಲ್ಲಿ ಎರಡೂ ಕೈಯಿಂದ ಬೂಗಿ ವೂಗಿ (ಅಮೆರಿಕದ ಚುರುಕು ಪಿಯಾನೋ ಶೈಲಿ) ಕಲಿಯಬಹುದಾ?

ಖಂಡಿತ. ಶಿರಸಿ ಕಡೆ ಭಜನೆಗೆ ಹಾರ್ಮೋನಿಯಂ ನುಡಿಸುವವರ ಎಡಗೈಗೆ ಸಾಮಾನ್ಯವಾಗಿ ತಿದಿ ಒತ್ತಿಯೇ ಅಭ್ಯಾಸ. ಬೂಗಿ ವೂಗಿಯಲ್ಲಿ ಅದೇ ಕೈ ಯಜಮಾನ! ಹಾಗಾಗಿ ಮೊದಲು ಬಲಗೈ ಸುಮ್ನೆ ಇರಲಿ. ಎಡಗೈ ಕಿರುಬೆರಳು ಸಿ (ಜೋಡಿ ಕಪ್ಪು ಕೀಗಳ ಎಡಪಕ್ಕದ ಬಿಳಿ ಕೀ) ಮೇಲಿಟ್ಟು ಶುರು ಮಾಡಿ: ಸಿ, ಇ, ಜಿ, ಎ, ಬಿ ಫ್ಲ್ಯಾಟ್ (ಬಿ ಎಡಪಕ್ಕದ ಕಪ್ಪು ಕೀ), ಎ, ಜಿ, ಇ. ಒಂದು ಬಾರ್‌ಗೆ, ಅಂದರೆ ತಾಳದ 4 ಪೆಟ್ಟಿನ ಒಂದು ಸುತ್ತಿಗೆ, 8 ಸ್ವರ. ಇದೇ ಓಟವನ್ನು ಸಿಯಿಂದ ಶುರು ಮಾಡಿ 4 ಬಾರ್, ಎಫ್‌ನಿಂದ 2, ಮತ್ತೆ ಸಿ 2, ಜಿ 1, ಎಫ್ 1, ಸಿ 2. ಒಟ್ಟು 12.

ಮಾತಾಡುತ್ತಲೇ ನುಡಿಸುವಷ್ಟು ರೂಢಿಯಾದ ಮೇಲೆ ಬಲಗೈ ತನ್ನಿ. ಬಾರ್‌ನ ಮೊದಲ ಪೆಟ್ಟಿಗೆ ಒಂದೇ ಸ್ವರ ಸಾಕು. ಎಡಗೈ ತಡವರಿಸಿದರೆ ವೇಗ ಇಳಿಸಿ. ಅಂದಹಾಗೆ, ಮಕ್ಕಳ ಪುಟ್ಟ ಕೀಬೋರ್ಡಿನಲ್ಲಿ ಕೈಗಳು ಡಿಕ್ಕಿ ಹೊಡೆಯುತ್ತವೆ. 61 ಕೀಯದ್ದು ತಗೊಳ್ಳಿ.