ಹಳೆಯ ಫೋಟೊಗಳಿಗೆ ಎಂಥ ಆಲ್ಬಮ್?

ಪ್ರಶ್ನೆ: ಅಜ್ಜಿಯ ಕಾಲದ ಕಪ್ಪು-ಬಿಳುಪು ಫೋಟೊಗಳನ್ನು ಅಂಟು ಹಾಳೆಯ ಆಲ್ಬಮ್‌ಗೆ ಹಾಕಿದ್ದೆವು. ಹಾಳೆ ಹಳದಿಯಾಗಿದೆ, ಫೋಟೊ ಬಿಡಿಸಲು ಬರುತ್ತಿಲ್ಲ. ಹೊಸದು ಎಂಥದ್ದು ಕೊಳ್ಳಲಿ?
– ಓದುಗರು, ಉಡುಪಿ

ಉತ್ತರ: ಮೊದಲು ಬಿಡಿಸಿಕೊಳ್ಳಿ, ಆ ಅಂಟು ಹಳತಾದಷ್ಟೂ ಬಿಗಿಯುತ್ತದೆ. ಹಲ್ಲುಸಂದಿ ತೆಗೆಯುವ ಫ್ಲಾಸ್ ದಾರವನ್ನು ಮೂಲೆಯಿಂದ ಫೋಟೊದ ಹಿಂಬದಿಗೆ ತೂರಿಸಿ, ಗರಗಸದ ಹಾಗೆ ಮೆಲ್ಲಗೆ ಆಚೀಚೆ ಎಳೆಯಿರಿ. ಫೋಟೊವನ್ನು ಬಾಗಿಸಿದರೆ ಚಿತ್ರ ಮೂಡಿರುವ ಮೇಲಿನ ಜೆಲಟಿನ್ ಪದರ ಬಿರಿಯುತ್ತದೆ. ಬರದಿದ್ದರೆ ಬಲವಂತ ಬೇಡವೇ ಬೇಡ, ಹಾಳೆಯಲ್ಲಿದ್ದಂತೆಯೇ 600 ಡಿಪಿಐನಲ್ಲಿ (ಒಂದು ಇಂಚಿಗೆ 600 ಚುಕ್ಕಿಗಳ ಸ್ಪಷ್ಟತೆಯಲ್ಲಿ) ಸ್ಕ್ಯಾನ್ ಮಾಡಿಸಿ.

ಕರಾವಳಿಯ ತೇವಕ್ಕೆ ಪ್ಲಾಸ್ಟಿಕ್ ಜೇಬಿನ ಆಲ್ಬಮ್‌ಗಿಂತ ಆಮ್ಲರಹಿತ, ಲಿಗ್ನಿನ್ (ಕಾಗದವನ್ನು ಹಳದಿಯಾಗಿಸುವ ಮರದ ಅಂಶ) ಇಲ್ಲದ ದಪ್ಪ ಕಾಗದದ ಆಲ್ಬಮ್ಮೇ ವಾಸಿ. ತೇವ ಹೀರಿದ ಜೆಲಟಿನ್ ಮೆತ್ತಗಾಗಿ ಪ್ಲಾಸ್ಟಿಕ್‌ಗೆ ಕಚ್ಚಿಕೊಳ್ಳುತ್ತದೆ. ಫೋಟೊಗೆ ಅಂಟು ತಾಗಿಸದೆ ನಾಲ್ಕು ಮೂಲೆಗೂ ಕಾರ್ನರ್ (ಮೂಲೆ ಸಿಕ್ಕಿಸುವ ಪುಟ್ಟ ಜೇಬು) ಹಾಕಿ, ಹಾಳೆಗಳ ನಡುವೆ ತೆಳು ಕಾಗದ ಇರಲಿ. ಜೇಬಿನದ್ದೇ ಬೇಕೆಂದರೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕೇಳಿ. ತೆರೆದೊಡನೆ ಘಾಟು ಹೊಡೆಯುವ ಪಿವಿಸಿ ಬೇಡ. ‘ಫೋಟೊ ಸೇಫ್’ ಎಂಬ ಚೀಟಿಯನ್ನಷ್ಟೇ ನಂಬದೆ, ಫೋಟೊ ಆಲ್ಬಮ್ ಸಾಮಗ್ರಿಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 18902 ಎಂದು ನಮೂದಿಸಿದೆಯೇ ನೋಡಿ.

ಹೆಸರು, ಊರು, ಇಸವಿಯನ್ನು ಫೋಟೊದ ಹಿಂದೆ ಅಂಚಿನಲ್ಲಿ ಮೆದು ಪೆನ್ಸಿಲ್‌ನಿಂದ ಬರೆಯಿರಿ. ಬಾಲ್‌ಪೆನ್ನಿನ ಅಚ್ಚು ಮುಂದಕ್ಕೆ ಮೂಡುತ್ತದೆ. ಗುರುತು ಹಿಡಿಯಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಮುಗಿಸಿ. ಆಲ್ಬಮ್ಮನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿಡಬೇಡಿ, ನುಸಿಗುಳಿಗೆಯೂ ಬೇಡ. ಮಳೆಗಾಲದಲ್ಲಿ ಪಕ್ಕಕ್ಕೆ ತೇವ ಹೀರಿ ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಣ್ಣ ತಿರುಗಿದಾಗ ಬದಲಿಸಿ.