ರೈಫಲ್ ಕೊಳ್ಳುವ ಮೊದಲು ಕಾಡತೂಸಿನ ಲೆಕ್ಕ ಹಾಕಿ

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಶೂಟರ್ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್‌ನಲ್ಲಿ (ಮೂರು ಭಂಗಿಗಳಲ್ಲಿ ಹೊಡೆಯುವ ಪಂದ್ಯ) ಕಂಚು ಗೆದ್ದರು. ಅಂದಿನಿಂದ ಮುಂಬೈ, ಪುಣೆ, ಗೋವಾದ ಕನ್ನಡಿಗರಿಂದ ಒಂದೇ ಪ್ರಶ್ನೆ ನಾನಾ ವೇಷದಲ್ಲಿ ಬರುತ್ತಿದೆ: ಯಾವ ಪಾಯಿಂಟ್ ಟೂ ಟೂ (.22) ಬೋಲ್ಟ್ ರೈಫಲ್ ತಗೊಳ್ಳಲಿ? ಈ ಸಲ ಹೆಚ್ಚಿನ ಜಾಗ ಅದಕ್ಕೇ. ಲೈಸೆನ್ಸ್ ಅರ್ಜಿ ತುಂಬುವುದು ಹೇಗೆ, ಬೋಲ್ಟ್ ಎಂದರೇನು ಎಂದು ಕೇಳಿದವರು ಮೊದಲು ಯಾವುದಾದರೂ ರೈಫಲ್ ಕ್ಲಬ್ ಸೇರಿ. ಒಂದು ವಾರದಲ್ಲಿ ತಾನಾಗಿ ತಿಳಿಯುತ್ತದೆ.

ಪ್ರಶ್ನೆ: 50 ಮೀಟರ್‌ಗೆ ಯಾವ ಟೆಲಿಸ್ಕೋಪ್ ಒಳ್ಳೆಯದು? (ಡೊಂಬಿವಲಿ)

ಯಾವುದೂ ಅಲ್ಲ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ಪಂದ್ಯದಲ್ಲಿ ರೈಫಲ್ ಮೇಲೆ ಟೆಲಿಸ್ಕೋಪಿಗೆ ಅವಕಾಶವಿಲ್ಲ. ಸಣ್ಣ ತೂತಿನಲ್ಲಿ ನೋಡಿ ಗುರಿ ಹಿಡಿಯುವ ಪೀಪ್ ಸೈಟ್ ಮಾತ್ರ.

ಪ್ರಶ್ನೆ: ಹುಬ್ಬಳ್ಳಿ ಕಡೆಯವನು, ಈಗ ಹಿಂಜವಡಿಯಲ್ಲಿ ಕೆಲಸ. ಬಾಲೇವಾಡಿಯಲ್ಲಿ ಮೂರು ವರ್ಷದಿಂದ 10 ಮೀಟರ್ ಏರ್ ರೈಫಲ್ ಹೊಡೆಯುತ್ತಿದ್ದೇನೆ, ಇನ್ನು 50 ಮೀಟರ್‌ಗೆ ಬರಬೇಕೆಂದಿದ್ದೇನೆ. ಹಿರಿಯ ಶೂಟರ್ ಒಬ್ಬರ ಆನ್‌ಶುಟ್ಸ್ 1907 ಪಂದ್ಯದ ರೈಫಲ್ ಮಾರಾಟಕ್ಕಿದೆ. ಗೆಳೆಯರು ಮಾತ್ರ 'ಹಳೇದ್ಯಾಕ, ಹೊಸಾ ಸಿಝಡ್ 457 ತರಸು, ಒನ್ ಎಂಒಎ ಗ್ಯಾರಂಟಿ' ಅಂತಾರೆ. ನಿಖರತೆಯೂ ಬೇಕು, ಕೊಟ್ಟ ದುಡ್ಡಿಗೆ ನ್ಯಾಯವೂ ಆಗಬೇಕು. ಸರ್, ಯಾವುದು ಸರಿ?

ಮೊದಲು ಆ 'ಒನ್ ಎಂಒಎ ಗ್ಯಾರಂಟಿ'ಯ ಜನ್ಮ ಜಾಲಾಡೋಣ. ಎಂಒಎ ಎಂದರೆ ಮಿನಿಟ್ ಆಫ್ ಆ್ಯಂಗಲ್, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. 50 ಮೀಟರ್‌ನಲ್ಲಿ ಅದು ಸುಮಾರು 14.5 ಮಿಲಿಮೀಟರ್; ಗುಂಡುಗಳೆಲ್ಲ ಅಷ್ಟಗಲದೊಳಗೆ ಬೀಳುತ್ತವೆ ಎಂಬುದೇ ಆ ಗ್ಯಾರಂಟಿ. ಟಾರ್ಗೆಟ್ಟಿನ ಹತ್ತರ ವೃತ್ತ 10.4 ಮಿಮೀ, ಗುಂಡಿನ ವ್ಯಾಸ 5.6 ಮಿಮೀ. ತೂತಿನ ಅಂಚು ಮುಟ್ಟಿದರೂ ಹತ್ತು ಸಿಗುವುದರಿಂದ, ಗುಂಡಿನ ನಡು ಕೇಂದ್ರದಿಂದ 8 ಮಿಮೀ ಒಳಗೆ ಬಿದ್ದರೆ ಸಾಕು. ಅಂದರೆ ನಿಮಗಿರುವ ಒಟ್ಟು ಜಾಗ 16 ಮಿಮೀ. ಅದರಲ್ಲಿ 14.5 ರೈಫಲ್ಲೇ ನುಂಗಿದರೆ ನಿಮ್ಮ ಉಸಿರು, ನಾಡಿ, ಗಾಳಿ ಎಲ್ಲಕ್ಕೂ ಸೇರಿ ಉಳಿಯುವುದು ಒಂದೊಂದು ಪಕ್ಕಕ್ಕೆ ಮುಕ್ಕಾಲು ಮಿಲಿಮೀಟರ್. ಇನ್ನು ಆ ಗ್ಯಾರಂಟಿ ಎಷ್ಟು ಗುಂಡಿನದು? ಸಾಮಾನ್ಯವಾಗಿ ಮೂರು ಅಥವಾ ಐದರದು, ಅದೂ ಆ ದಿನದ ಅತ್ಯುತ್ತಮ ಗ್ರೂಪ್ (ಒಂದೇ ಗುರಿಗೆ ಹೊಡೆದ ತೂತುಗಳ ಗುಂಪು). ಮೂರು ಗುಂಡಿನ ಗ್ರೂಪ್ ತೋರಿಸಿ ರೈಫಲ್ ಹೊಗಳುವವರ ಜೊತೆ ವಾದ ಮಾಡಬೇಡಿ, ಹತ್ತು ಗುಂಡಿನದು ನಾಲ್ಕು ಹೊಡೆದು ತೋರಿಸಿ ಅನ್ನಿ.

457 ಕೆಟ್ಟ ರೈಫಲ್ ಅಲ್ಲ. ಭಾರದ ಬ್ಯಾರಲ್ ಇರುವ ಮಾದರಿಗಳು ಕೊಟ್ಟ ಬೆಲೆಗೆ ಬಹಳ ಚೆನ್ನಾಗಿಯೇ ಹೊಡೆಯುತ್ತವೆ. ಆದರೆ ಅದರ ಹುಟ್ಟು ಬೇಟೆ ರೈಫಲ್ಲಿನದು. ನೀವು ಹೊಡೆಯಬೇಕಾದದ್ದು ಪ್ರೋನ್ (ಮಲಗಿ), ನೀಲಿಂಗ್ (ಮಂಡಿಯೂರಿ), ಸ್ಟ್ಯಾಂಡಿಂಗ್ (ನಿಂತು). ಅದಕ್ಕೆ ಭುಜಕ್ಕಾನುವ, ಏರಿಳಿಸಬಲ್ಲ ಬಟ್‌ಪ್ಲೇಟು, ಕೆನ್ನೆಪಟ್ಟಿ, ಮುಂದಿನ ಕೈಗೆ ತಡೆಯಾಗುವ ಹ್ಯಾಂಡ್‌ಸ್ಟಾಪ್ ಕೂರುವ ರೈಲು, ಪೀಪ್ ಸೈಟು ಬೇಕು. ಇವನ್ನೆಲ್ಲ ಒಂದೊಂದಾಗಿ ಸೇರಿಸುತ್ತ ಹೋದರೆ ಹಳೆಯ ಮ್ಯಾಚ್ (ಪಂದ್ಯದ) ರೈಫಲ್ಲಿನ ಬೆಲೆ ಮುಟ್ಟುತ್ತೀರಿ, ಟ್ರಿಗರ್ ಮಾತ್ರ ಅದರ ಮಟ್ಟಕ್ಕೆ ಬರುವುದಿಲ್ಲ. ಇನ್ನೊಂದು ವಿಷಯ: 'ತರಸು' ಅಂದವರು ತರಿಸುವ ದಾರಿ ಹೇಳಿದ್ದಾರೆಯೇ? ವಿದೇಶಿ ರೈಫಲ್ ಅಂಗಡಿಗೆ ಹೋಗಿ ಕೊಳ್ಳುವ ಸಾಮಾನಲ್ಲ. ಆಮದು ಶೂಟರ್‌ಗಳಿಗೆ ಮಾತ್ರ, ಅದೂ ರಾಷ್ಟ್ರೀಯ ರೈಫಲ್ ಸಂಸ್ಥೆಯ ಅರ್ಹತೆಯ ಪ್ರಕಾರ. ಆ ಅರ್ಹತೆ ಬರುವುದು ಸ್ಕೋರಿನಿಂದ. ಇಶಾಪುರದ ಕಾರ್ಖಾನೆಯ .22 ಸ್ಪೋರ್ಟಿಂಗ್ ರೈಫಲ್ ಗಟ್ಟಿಮುಟ್ಟು, ಆದರೆ ಪಂದ್ಯದ ಹತ್ತರ ವೃತ್ತಕ್ಕೆಂದು ಮಾಡಿದ್ದಲ್ಲ.

ಆದ್ದರಿಂದ 1907ನ್ನೇ ನೋಡಿ. ಹಳೆಯದೆಂಬ ಭಯ ಬೇಡ. .22ರ ಗುಂಡು ಮೆತ್ತನೆಯ ಸೀಸ, ಮೇಲೆ ಮೇಣದ ಲೇಪ. ಹತ್ತಾರು ಸಾವಿರ ರೌಂಡ್ ಹೋದರೂ ಒಳ್ಳೆಯ ಬ್ಯಾರಲ್ ಸವೆದು ಸಾಯುವುದಿಲ್ಲ. ಅದನ್ನು ಕೊಲ್ಲುವುದು ತುಕ್ಕು, ಉಕ್ಕಿನ ಬ್ರಷ್, ಬಾಯಿಯ (ಗುಂಡು ಹೊರಬರುವ ತುದಿಯ) ಕಡೆಯಿಂದ ತುರುಕಿದ ಕ್ಲೀನಿಂಗ್ ರಾಡ್. ನೋಡಬೇಕಾದದ್ದೂ ಇದನ್ನೇ. ಬೋಲ್ಟ್ ತೆಗೆದು ಬ್ಯಾರಲ್ಲಿನೊಳಗೆ ಬೆಳಕು ಬಿಡಿ, ಬಾಯಿಯ ಕೊನೆಯ ಎರಡು ಇಂಚಿನಲ್ಲಿ ಕಪ್ಪು ಚುಕ್ಕೆಗಳಿದ್ದರೆ ತುಕ್ಕು ತಿಂದ ಗುಣಿಗಳು. ಬಾಯಂಚನ್ನು ಭೂತಗನ್ನಡಿಯಲ್ಲಿ ನೋಡಿ, ಒಂದು ಕಡೆ ನಗ್ಗಿದ್ದರೂ ಗುಂಡು ಹೊರಬರುವಾಗ ಹಿಂದಿನ ಮದ್ದಿನ ಅನಿಲ ಓರೆಯಾಗಿ ತಳ್ಳುತ್ತದೆ. ಬಿಗಿಯಾದ ಫೆಲ್ಟ್ ಉಂಡೆಯೊಂದನ್ನು ಚೇಂಬರ್ (ಕಾಡತೂಸು ಕೂರುವ ಜಾಗ) ಕಡೆಯಿಂದ ನಿಧಾನವಾಗಿ ತಳ್ಳಿ. ಉದ್ದಕ್ಕೂ ಒಂದೇ ಬಿಗಿ ಇರಬೇಕು, ನಡುವೆ ಎಲ್ಲಾದರೂ ಸಡಿಲ ಎನಿಸಿದರೆ ಬಿಟ್ಟುಬಿಡಿ.

ಮುಂದಿನದು ಚೇಂಬರ್. ಇದನ್ನು ರೇಂಜಿನಲ್ಲಿ ಮಾತ್ರ, ಬಾಯಿ ಟಾರ್ಗೆಟ್ ಕಡೆಗಿಟ್ಟು, ಟ್ರಿಗರ್‌ನಿಂದ ಬೆರಳು ದೂರವಿಟ್ಟು ಮಾಡಿ. ಒಂದು ಕಾಡತೂಸು ಹಾಕಿ ಬೋಲ್ಟನ್ನು ಮೆಲ್ಲಗೆ ಮುಚ್ಚಿ, ಹಾಗೆಯೇ ಮೆಲ್ಲಗೆ ತೆರೆದು ಹೊರತೆಗೆಯಿರಿ. ಮ್ಯಾಚ್ ಚೇಂಬರ್ ಆಗಿದ್ದರೆ ಗುಂಡಿನ ಸೀಸದ ಮೇಲೆ ರೈಫ್ಲಿಂಗಿನ (ಬ್ಯಾರಲ್ಲಿನೊಳಗಿನ ಸುರುಳಿ ಗೆರೆಗಳ) ಸಣ್ಣ ಗೀರುಗಳು ಕಾಣುತ್ತವೆ. ಅವು ಸುತ್ತಲೂ ಒಂದೇ ಉದ್ದ ಇರಬೇಕು. ಒಂದು ಪಕ್ಕ ಉದ್ದ, ಎದುರು ಪಕ್ಕ ಮಾಸಲು ಎಂದರೆ ಗುಂಡು ಸೊಟ್ಟಗೆ ಹೊರಡುತ್ತಿದೆ. ಗೀರೇ ಇಲ್ಲದಿದ್ದರೆ ಚೇಂಬರ್ ಸಡಿಲ ಅಥವಾ ಸವೆದಿದೆ. ಹೀಗೆ ಹೊರತೆಗೆಯುವಾಗ ಗುಂಡು ಒಳಗೇ ಸಿಕ್ಕಿ, ಮದ್ದಿನ ಪುಡಿ ಬೋಲ್ಟ್ ಓಡಾಡುವ ಆಕ್ಷನ್ನಿಗೆ ಚೆಲ್ಲುವುದುಂಟು. ಹಾಗಾದರೆ ಇನ್ನೊಂದು ಕಾಡತೂಸು ಹಾಕುವ ಸಾಹಸ ಬೇಡ, ರೇಂಜ್ ಅಧಿಕಾರಿಯನ್ನು ಕರೆಯಿರಿ.

ಆಮೇಲೆ ಹೊಡೆದ ಖಾಲಿ ಕೇಸ್ ಹೆಕ್ಕಿ ನೋಡಿ. .22ರಂಥ ರಿಮ್‌ಫೈರ್ ಕಾಡತೂಸಿನಲ್ಲಿ ಸಿಡಿಮದ್ದು ಇರುವುದು ಅಂಚಿನ ಮಡಿಕೆಯೊಳಗೆ. ಅದನ್ನು ಸಿಡಿಸುವ ಪಿನ್ನಿನ ಪೆಟ್ಟು ಅಲ್ಲಿ ಪ್ರತಿ ಸಲ ಒಂದೇ ಆಳಕ್ಕೆ ಬೀಳಬೇಕು. ಗುರುತು ಮಾಸಲಾಗಿದ್ದರೆ ಪಿನ್ನಿನ ಸ್ಪ್ರಿಂಗ್ ದಣಿದಿದೆ. ಆಗ ಮದ್ದು ಒಮ್ಮೆ ಜೋರಾಗಿ, ಒಮ್ಮೆ ಸಪ್ಪೆಯಾಗಿ ಹತ್ತಿ ವೇಗ ಏರುಪೇರಾಗುತ್ತದೆ. ಸೆಕೆಂಡಿಗೆ 330 ಮೀಟರ್ ಹೋಗಬೇಕಾದ ಗುಂಡು 320ಕ್ಕೆ ಹೋದರೆ 50 ಮೀಟರ್‌ನಲ್ಲಿ ಸುಮಾರು 7 ಮಿಮೀ ಕೆಳಗೆ ಬೀಳುತ್ತದೆ. ನಿಮ್ಮ 8 ಮಿಮೀಯಲ್ಲಿ 7 ಅಲ್ಲೇ ಹೋಯಿತು! ಇದು ಬೆಲೆ ಇಳಿಸಿ ಕೇಳಲು ಒಳ್ಳೆಯ ಕಾರಣ, ರೈಫಲ್ ಬಿಡಲು ಅಲ್ಲ. ಸ್ಪ್ರಿಂಗ್ ಬದಲಿಸಿದರೆ ಮುಗಿಯಿತು.

ಈಗ ಪರೀಕ್ಷೆ. ಕ್ಲಬ್ಬಿನಲ್ಲಿ ಸಿಗುವ ಮೂರು ಬಗೆಯ ಕಾಡತೂಸು ತನ್ನಿ: ಎಲಿ, ಲಾಪುವಾ, ಎಸ್‌ಕೆ, ಆರ್‌ಡಬ್ಲ್ಯುಎಸ್, ಯಾವುದಾದರೂ ಸರಿ, ಒಂದೊಂದು ಬಾಕ್ಸ್. ಬಾಕ್ಸಿನಲ್ಲಿ 50 ಇರುತ್ತವೆ. ಮೊದಲ 10 ಲೆಕ್ಕಕ್ಕಿಲ್ಲ, ಏಕೆಂದರೆ ಒಂದೊಂದು ಬ್ರ್ಯಾಂಡಿನ ಮೇಣ ಒಂದೊಂದು ಥರ, ಬ್ಯಾರಲ್ ಹೊಸ ಮೇಣಕ್ಕೆ ಒಗ್ಗಬೇಕು. ಉಳಿದ 40ರಲ್ಲಿ ಹತ್ತು ಗುಂಡಿನ ನಾಲ್ಕು ಗ್ರೂಪ್, ಮರಳುಚೀಲದ ಮೇಲಿಟ್ಟು, ಗಾಳಿ ನಿಂತ ಬೆಳಗಿನ ಹೊತ್ತು. ಅತಿ ದೂರದ ಎರಡು ತೂತುಗಳ ನಡುವಿಂದ ನಡುವಿಗೆ ಅಳೆದು ನಾಲ್ಕರ ಸರಾಸರಿ ತೆಗೆಯಿರಿ. ಅತ್ಯುತ್ತಮವಾದದ್ದನ್ನು ಫ್ರೇಮ್ ಹಾಕಿಸಬೇಡಿ. ಯಾವುದಾದರೂ ಒಂದು ಬಗೆಯಲ್ಲಿ 11 ಮಿಮೀ ಒಳಗೆ ಬಂದರೆ ರೈಫಲ್ ತಗೊಳ್ಳಿ. 14 ತನಕ ಬಂದರೆ ಚೌಕಾಸಿ ಮಾಡಿ. ಅದನ್ನೂ ಮೀರಿದರೆ ಚೇಂಬರ್ ಮುಂದಿನ ಇದ್ದಿಲ ಕರಿಯನ್ನು ಕಂಚಿನ ಬ್ರಷ್‌ನಿಂದ ತೆಗೆದು ಇನ್ನೊಮ್ಮೆ ಹೊಡೆಯಿರಿ. ಆಗಲೂ ಹಾಗೇ ಇದ್ದರೆ ಕೈ ಮುಗಿದು ಬನ್ನಿ.

ಗ್ರೂಪಿನ ಆಕಾರವೂ ಮಾತಾಡುತ್ತದೆ. ಮೇಲೆ ಕೆಳಗೆ ಉದ್ದವಾಗಿದ್ದರೆ ಕಾಡತೂಸು ಅಥವಾ ಪಿನ್. ಎರಡು ಬೇರೆ ಬೇರೆ ಗುಂಪಾಗಿದ್ದರೆ ಸೈಟ್ ಸಡಿಲ, ಇಲ್ಲವೇ ಆಕ್ಷನ್ನನ್ನು ಸ್ಟಾಕಿಗೆ (ಕೈಯಲ್ಲಿ ಹಿಡಿಯುವ ಭಾಗಕ್ಕೆ) ಬಿಗಿದ ಸ್ಕ್ರೂ. ಹಳೆಯ ಮರದ ಸ್ಟಾಕಿನಲ್ಲಿ ಇದು ಮಾಮೂಲು: ಮಳೆಗಾಲಕ್ಕೆ ಮರ ಉಬ್ಬಿ, ಬೇಸಿಗೆಗೆ ಒಣಗಿ, ಸ್ಕ್ರೂ ಬಿಗಿ ಬದಲಾಗುತ್ತದೆ. ಅಂದಾಜಿನ ಮೇಲೆ ತಿರುಗಿಸಬೇಡಿ. ಟಾರ್ಕ್ ಕೀಲಿ ಕೊಂಡು ಕೈಪಿಡಿಯಲ್ಲಿರುವಷ್ಟೇ ಬಿಗಿಯಿರಿ, ಎರಡೂ ಸ್ಕ್ರೂಗೆ.

ಇಷ್ಟಾದ ಮೇಲೆ ದುಡ್ಡಿನ ಮಾತು. ವಾರಕ್ಕೆ ಮೂರು ದಿನ, ದಿನಕ್ಕೆ 80 ರೌಂಡ್, ವರ್ಷದಲ್ಲಿ 40 ವಾರ ಎಂದರೆ 9,600. ಅಷ್ಟರ ಬೆಲೆ ವಿಚಾರಿಸಿ, ರೈಫಲ್ ಬೆಲೆಯ ಪಕ್ಕದಲ್ಲಿ ಬರೆಯಿರಿ. ಆಗ ಗೊತ್ತಾಗುತ್ತದೆ ಯಾವುದು ದುಬಾರಿ ಎಂದು. ಐದು ವರ್ಷ ಹೊಡೆಯುವವನಿಗೆ ರೈಫಲ್ ಅಗ್ಗದ ಭಾಗ. ಹೀಗಾಗಿ ನನ್ನ ಮಟ್ಟಿಗೆ ಒಳ್ಳೆಯ ರೈಫಲ್ ಎಂದರೆ, ಕ್ಲಬ್ಬಿನಲ್ಲಿ ಸಲೀಸಾಗಿ ಸಿಗುವ ನಡುಬೆಲೆಯ ಕಾಡತೂಸಿಗೆ ಒಪ್ಪುವಂಥದ್ದು. ದುಬಾರಿಯದಕ್ಕೆ ಮಾತ್ರ ಮುಖ ಕೊಡುವ ರೈಫಲ್ ಪುಕ್ಕಟೆ ಕೊಟ್ಟರೂ ನಷ್ಟ. ಒಪ್ಪಿದ ಬಗೆ ಸಿಕ್ಕಾಗ ಬಾಕ್ಸಿನ ಮೇಲಿನ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ನೋಡಿ ಅದೇ ಲಾಟ್ ಲೈಸೆನ್ಸ್ ಮಿತಿಯಲ್ಲಿ ಎಷ್ಟಾಗುತ್ತದೋ ಅಷ್ಟು ತಗೊಳ್ಳಿ. ಹೆಸರು ಅದೇ ಇದ್ದು ಲಾಟ್ ಬದಲಾದರೆ ಗ್ರೂಪ್ ಒಂದೂವರೆ ಪಟ್ಟು ಆಗುವುದು ಹೊಸದೇನಲ್ಲ.

ಕೊನೆಯದಾಗಿ, ರೈಫಲ್ ಮೈಗೆ ಹೊಂದುತ್ತದೋ ನೋಡಿ. ಕಣ್ಣು ಮುಚ್ಚಿ ಸ್ಟ್ಯಾಂಡಿಂಗಿನಲ್ಲಿ ಎತ್ತಿ, ಕೆನ್ನೆ ಇಟ್ಟು, ಕಣ್ಣು ತೆರೆಯಿರಿ. ಪೀಪ್‌ನ ನಡುವಿಗೆ ಕಣ್ಣು ಬರಲು ಕತ್ತು ಹುಡುಕಾಡಿದರೆ ಸ್ಟಾಕ್ ಸರಿಹೊಂದಿಸಬೇಕು. ಹೊಂದಿಸಲು ಜಾಗವೇ ಉಳಿದಿಲ್ಲದಿದ್ದರೆ ಅದು ನಿಮ್ಮ ರೈಫಲ್ ಅಲ್ಲ. ನಿಯಮ 8 ಕಿಲೋ ತನಕ ಬಿಡುತ್ತದೆ ಎಂದು 8 ಕಿಲೋ ಹೊರಬೇಕಿಲ್ಲ. ಮಾರುವವರ ಲೈಸೆನ್ಸಿನಲ್ಲಿರುವ ನಂಬರ್ ಬ್ಯಾರಲ್ ಮೇಲಿನ ನಂಬರಿಗೆ ತಾಳೆಯಾಗಬೇಕು. ಆಮದಾದ ರೈಫಲ್ ಮಾರಲು ಷರತ್ತುಗಳಿರುತ್ತವೆ, ಅವನ್ನು ಪೊಲೀಸ್ ಆಯುಕ್ತರ ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ಮುಂಗಡ ಕೊಡಿ.

ಪ್ರಶ್ನೆ: ಬ್ಯಾರಲ್ ಉದ್ದ ಇದ್ದಷ್ಟೂ ನಿಖರ ಅಲ್ಲವೇ? ಹೈ ವೆಲಾಸಿಟಿ ಕಾಡತೂಸು ಹಾಕಿದರೆ ಗಾಳಿಗೆ ಕಡಿಮೆ ಸರಿಯುತ್ತದಂತೆ? (ಮಾಟುಂಗಾ)

ಎರಡೂ ತಪ್ಪು. .22ರ ಪುಡಿ ಅರ್ಧ ಮೀಟರ್ ಬ್ಯಾರಲ್ ಮುಗಿಯುವುದರೊಳಗೆ ಉರಿದು ತೀರುತ್ತದೆ. ಮಿಕ್ಕ ಉದ್ದ ಎರಡು ಸೈಟುಗಳ ನಡುವಿನ ಅಂತರಕ್ಕೆ, ತೂಕಕ್ಕೆ. ಶಬ್ದದ ವೇಗ ಮೀರಿ ಹೊರಟ ಗುಂಡು ದಾರಿಯಲ್ಲೇ ಆ ವೇಗಕ್ಕಿಂತ ಕೆಳಗಿಳಿಯುವಾಗ ಅಲುಗಾಡುತ್ತದೆ, ಗಾಳಿಯ ತಡೆಯೂ ಅಲ್ಲೇ ಹೆಚ್ಚು. ಹಾಗಾಗಿ ಪಕ್ಕಕ್ಕೆ ಸರಿಯುವುದು ಹೆಚ್ಚೇ ಆಗುತ್ತದೆ. ಮ್ಯಾಚ್ ಕಾಡತೂಸನ್ನು ಬೇಕೆಂದೇ 330ರ ಆಸುಪಾಸಿನಲ್ಲಿ ಇಟ್ಟಿರುತ್ತಾರೆ.

ಪ್ರಶ್ನೆ: ವಾಸ್ಕೋದಲ್ಲಿ ಮಳೆಗಾಲಕ್ಕೆ ಎಲ್ಲಕ್ಕೂ ತುಕ್ಕು. ರೈಫಲ್‌ಗೆ ಕೊಬ್ಬರಿ ಎಣ್ಣೆ ಸವರಬಹುದೇ?

ಬೇಡ. ಸ್ವಲ್ಪ ತಂಪಾದರೆ ಹೆಪ್ಪುಗಟ್ಟುತ್ತದೆ, ದಿನ ಕಳೆದರೆ ಅಂಟಾಗುತ್ತದೆ, ಪಿನ್ನಿನ ಓಟ ನಿಧಾನವಾಗುತ್ತದೆ. ಗನ್ ಆಯಿಲ್ ತೆಳ್ಳಗೆ, ಬಟ್ಟೆಯಲ್ಲಿ ಒರೆಸಿದಷ್ಟು. ಸ್ಪಂಜಿನ ಪೆಟ್ಟಿಗೆಯಲ್ಲಿ ಸಾಗಿಸಿ, ಆದರೆ ಅದರಲ್ಲೇ ಇಡಬೇಡಿ; ಸ್ಪಂಜು ತೇವ ಹೀರಿ ಕಬ್ಬಿಣಕ್ಕೆ ಒತ್ತಿ ಹಿಡಿಯುತ್ತದೆ. ಬೀಗವಿರುವ ಉಕ್ಕಿನ ಕಪಾಟು, ಒಳಗೆ ಸಿಲಿಕಾ ಜೆಲ್. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ. ಹೊಡೆಯುವ ಮೊದಲು ಬ್ಯಾರಲ್ಲಿನೊಳಗಿನ ಎಣ್ಣೆಯನ್ನು ಒಣಬಟ್ಟೆಯಿಂದ ತೆಗೆಯಿರಿ.

ಪ್ರಶ್ನೆ: ಸಿರ್ಸಿ ಕಡೆ ತೋಟಕ್ಕೆ ಹಂದಿ ಕಾಟ. ಪಂದ್ಯದ .22 ಅಲ್ಲಿಗೂ ಆದೀತೇ? (ಬೋರಿವಲಿ)

ಕಾನೂನಿಗೂ ಆಗದು, ಹಂದಿಗೂ ಆಗದು. ಅರಣ್ಯ ಇಲಾಖೆಗೆ ಬರೆಯಿರಿ.

ಪ್ರಶ್ನೆ: ಲೈಸೆನ್ಸಿನಲ್ಲಿ ಆಗಲೇ ಎರಡು ಬಂದೂಕು ಇವೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ನಂತರ .22 ಸಿಗುವುದೇ ಇಲ್ಲ ಎಂದು ಒಬ್ಬರು ಹೆದರಿಸಿದರು. (ಪಣಜಿ)

ಹೆದರಿಸಿದವರು ಮೂರನೇ ಸೆಕ್ಷನ್ ಪೂರ್ತಿ ಓದಿಲ್ಲ. ಒಬ್ಬರಿಗೆ ಎರಡೇ ಬಂದೂಕು ಎಂಬ ಮಿತಿ ನಿಜ. ಆದರೆ ಕೇಂದ್ರ ಸರ್ಕಾರದ ಲೈಸೆನ್ಸ್ ಅಥವಾ ಮಾನ್ಯತೆ ಇರುವ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ರೈಫಲ್‌ಗೆ ಆ ಮಿತಿ ಅನ್ವಯಿಸದು ಎಂದು ಅದೇ ಸೆಕ್ಷನ್ನಿನಲ್ಲಿದೆ. ಕ್ಲಬ್ಬಿನ ಪತ್ರ ಲಗತ್ತಿಸಿ ಅರ್ಜಿ ಹಾಕಿ. ಮಗನಿದ್ದರೆ, ಅವನಿಗೆ 21 ತುಂಬುವ ತನಕ ಅವನ ಹೆಸರಿನಲ್ಲಿ ಮಾತ್ರ ಕೇಳಬೇಡಿ.

ಪ್ರಶ್ನೆ: ಟ್ರಿಗರ್ ಗಟ್ಟಿ ಇದೆ. ಠಾಣೆಯಲ್ಲಿ ಒಬ್ಬ ಮೆಕ್ಯಾನಿಕ್ ಉಜ್ಜಿ ಹಗುರ ಮಾಡಿಕೊಡುತ್ತಾನೆ, ಬ್ಯಾರಲ್ಲನ್ನು ಐಸಿನಲ್ಲಿಟ್ಟು 'ಸೆಟ್' ಕೂಡ ಮಾಡುತ್ತಾನಂತೆ.

ಐಸು ಶರಬತ್ತಿಗಿರಲಿ. ಟ್ರಿಗರ್ ಉಜ್ಜುವುದು ಮಾತ್ರ ನಗುವ ವಿಷಯವಲ್ಲ. ಟ್ರಿಗರ್ ಎಳೆಯುವ ತನಕ ಪಿನ್ನನ್ನು ತಡೆದು ಹಿಡಿಯುವ ಸಿಯರ್‌ನ ಮೇಲ್ಮೈ ಮಾತ್ರ ಸಾಮಾನ್ಯವಾಗಿ ಗಟ್ಟಿ ಹದ ಮಾಡಿರುತ್ತಾರೆ. ಅರದಿಂದ ಆ ಪದರ ಹೋದರೆ ಒಳಗಿನ ಮೆತ್ತನೆ ಕಬ್ಬಿಣ ದಿನೇದಿನೇ ಸವೆದು, ಒಂದು ದಿನ ಬೋಲ್ಟ್ ಮುಚ್ಚಿದ ಕೂಡಲೇ ಗುಂಡು ಹಾರುತ್ತದೆ. ಪಕ್ಕದ ಲೇನಿನಲ್ಲಿ ಯಾರದೋ ಮಗು ಮಲಗಿ ಪ್ರೋನ್ ಹೊಡೆಯುತ್ತಿರುತ್ತದೆ. ಮ್ಯಾಚ್ ಟ್ರಿಗರ್‌ಗಳಿಗೆ ತೂಕ ಹೊಂದಿಸುವ ಸ್ಕ್ರೂ ಇರುತ್ತದೆ, ಕೈಪಿಡಿ ನೋಡಿ ಕಾಲು ಸುತ್ತು ತಿರುಗಿಸಿ. ಪ್ರತಿ ಸಲವೂ ಖಾಲಿ ಚೇಂಬರಿನಲ್ಲಿ ಬೋಲ್ಟನ್ನು ಹತ್ತು ಬಾರಿ ಜೋರಾಗಿ ಮುಚ್ಚಿ, ತಾನಾಗಿ ಬಿಟ್ಟುಕೊಳ್ಳುವುದೋ ನೋಡಿ. ಒಮ್ಮೆ ಬಿಟ್ಟುಕೊಂಡರೂ ಸ್ಕ್ರೂ ಹಿಂದಕ್ಕೆ ತಿರುಗಿಸಿ. ಈಗಾಗಲೇ ಉಜ್ಜಿಸಿದ್ದರೆ ಟ್ರಿಗರ್ ಪೂರ್ತಿ ಬದಲಿಸಬೇಕು. ಅಲ್ಲಿಯವರೆಗೆ ಆ ರೈಫಲ್ ರೇಂಜಿಗೆ ತರಬೇಡಿ.